ಗದಿಗೆಮ್ಮನ ತಾಟು

ಅನ್ನ ಹಾಕುವ ಮನೆಯ ಬಾಗಿಲಲ್ಲಿ ಕಾವಲುಗಾರ ನಿಂತದ್ದನ್ನು ಎಪ್ಪತ್ತು ದಾಟಿದ ಮೇಲೆ ನಾನು ಮೊದಲ ಸಲ ನೋಡಿದೆ. ಅವನು ಒಳಗೆ ಬರುವವರನ್ನು ತಡೆಯಲು ನಿಂತವನಲ್ಲ. ಉಂಡು ಹೊರಗೆ ಹೋಗುವ ಮುದುಕ ಮುದುಕಿಯರ ಚೀಲ, ಸೆರಗು, ಟೊಂಕದ ಗಂಟು ನೋಡಲು ನಿಂತವನು. ಯಾರಾದರೂ ಒಂದು ಚಪಾತಿ ಮನೆಗೆ ಒಯ್ದಾರು ಎಂದು.

ಕಾಚಿಗೂಡ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ನಮ್ಮ ಸಮಾಜದ ಛತ್ರ ಇದೆ. ರಾಯಚೂರು, ಯಾದಗಿರಿ, ಕಲಬುರ್ಗಿ ಕಡೆಯಿಂದ ಬಂದು ಹೈದರಾಬಾದಿನಲ್ಲಿ ಅಂಗಡಿ ಇಟ್ಟವರು ಹಿಂದೆ ಕಟ್ಟಿಸಿದ್ದು. ಪ್ರತಿ ಸೋಮವಾರ ಅಲ್ಲಿ ದಾಸೋಹ ನಡೆಯುತ್ತಿತ್ತು. ಕಟ್ಟಡದ ಕೂಲಿಯವನು ಬಂದರೂ ಒಂದೇ ಸಾಲು, ಬಟ್ಟೆ ಅಂಗಡಿಯ ಸಾಹುಕಾರ ಬಂದರೂ ಒಂದೇ ಸಾಲು. ನಾನು ಅಬಿಡ್ಸ್‌ನ ಒಂದು ಕಾಗದದ ಅಂಗಡಿಯಲ್ಲಿ ಗುಮಾಸ್ತನಾಗಿ ದುಡಿದವನು. ಹುಟ್ಟಿನಿಂದ ಜಂಗಮನಾದ್ದರಿಂದ, ಪಂಕ್ತಿ ಕುಳಿತಾಗ ಎಲ್ಲರಿಗೂ ಬಡಿಸಿದ್ದಾಯಿತೇ ಎಂದು ನೋಡಿ ‘ಹರಹರ ಮಹಾದೇವ’ ಎನ್ನುವ ಕೆಲಸ ನನ್ನ ಪಾಲಿಗೆ ಬಂದಿತ್ತು. ನಾನು ಅನ್ನುವ ತನಕ ಯಾರೂ ತುತ್ತು ಎತ್ತುವುದಿಲ್ಲ. ಕೊನೆಯ ತಾಟಿಗೆ ಅನ್ನ ಬೀಳುವ ತನಕ ನಾನೂ ಅನ್ನುವುದಿಲ್ಲ. ಇದರಲ್ಲಿ ದೊಡ್ಡ ಶಾಸ್ತ್ರವೇನೂ ಇಲ್ಲ. ಪಕ್ಕದವರ ತಾಟು ಖಾಲಿ ಇದ್ದಾಗ ನಾವು ಬಾಯಿ ತೆರೆಯುವುದಿಲ್ಲ, ಅಷ್ಟೇ.

ಸಾಹುಕಾರರ ಮಕ್ಕಳು ಸಿರಿವಂತರ ಬಂಜಾರಾ ಹಿಲ್ಸ್ ಸೇರಿದ ಮೇಲೆ ದಾಸೋಹ ನಿಂತುಹೋಗಿತ್ತು. ಆಗ ಮಾಧಾಪುರದ ಕಡೆಯ ಒಂದು ಸಾಫ್ಟ್‌ವೇರ್ ಕಂಪನಿಯವರು ಬಂದರು. ಬಡ ವೃದ್ಧರಿಗೆ ದಿನಾ ಮಧ್ಯಾಹ್ನ ಊಟ ಹಾಕುತ್ತೇವೆ, ನಿಮ್ಮ ಛತ್ರ ಕೊಡಿ ಎಂದರು. ನಮಗೆ ಸಂತೋಷವಾಯಿತು. ಸುಳ್ಳು ಹೇಳಬಾರದು, ಊಟ ಚೆನ್ನಾಗಿಯೇ ಇತ್ತು. ಅನ್ನ, ಇಲ್ಲಿಯವರು ಪಪ್ಪು ಎನ್ನುವ ಬೇಳೆ, ಒಂದು ಪಲ್ಯ, ಎರಡು ಚಪಾತಿ, ಮಜ್ಜಿಗೆ. ನೋಡಿಕೊಳ್ಳಲು ಅಹಲ್ಯಾ ಎಂಬ ಹೆಣ್ಣುಮಗಳನ್ನು ಇಟ್ಟರು. ನಮ್ಮವಳೇ, ಚಾದರ್‌ಘಾಟಿನಲ್ಲಿ ಹುಟ್ಟಿ ಬೆಳೆದವಳು. ಬಾಗಿಲ ಕಾವಲಿಗೆ ತಾಯಪ್ಪ ಎಂಬವನನ್ನು ಇಟ್ಟರು. ಅವನು ಯಾದಗಿರಿ ಕಡೆಯಿಂದ ಬಂದವನು. ಗೋಡೆಗೆ ತೆಲುಗಿನಲ್ಲೂ ಇಂಗ್ಲಿಷಿನಲ್ಲೂ ಬರೆದ ಒಂದು ಹಲಗೆ ಹಾಕಿದರು: ಊಟ ಇಲ್ಲೇ ಕುಳಿತು ಮಾಡಬೇಕು, ಹೊರಗೆ ಒಯ್ಯಬಾರದು.

ನನ್ನ ಹೆಂಡತಿ ಬಸಲಿಂಗಮ್ಮನ ಮೊಣಕಾಲು ಆ ವರ್ಷದ ಚಳಿಗಾಲದಲ್ಲಿ ಕೈಕೊಟ್ಟವು. ನಮಗೆ ಮಕ್ಕಳಿಲ್ಲ. ಇಬ್ಬರೇ ಇದ್ದೆವು. ಅವಳು ನಾಲ್ಕು ಖಾನೆಯ ನಮ್ಮ ಸ್ಟೀಲ್ ಡಬ್ಬಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಬಿಳಿ ಅರಿವೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. ಛತ್ರದಲ್ಲಿ ಅಹಲ್ಯಾ ಅದನ್ನು ನೋಡಿದಳು.

“ಡಬ್ಬಿ ತುಂಬಾಕ ಬರಂಗಿಲ್ರಿ, ಅಯ್ಯನವರ. ಅಮ್ಮಾರನ್ನ ಆಟೋದಾಗ ಕೂಡಿಸಿಕೊಂಡು ಬರ್ರಿ. ಎಷ್ಟು ಬೇಕೋ ಅಷ್ಟು ಉಣ್ಣಲಿ, ಯಾರು ಬ್ಯಾಡಂತಾರ?”

ಆಟೋ ಹತ್ತುವ ಕಾಲಿದ್ದರೆ ಡಬ್ಬಿ ಏಕೆ ಬೇಕು? ನಾನು ಖಾಲಿ ಡಬ್ಬಿ ಹಿಡಿದು ಮನೆಗೆ ಬಂದೆ. ಬಸಲಿಂಗಮ್ಮ ಅದನ್ನು ಗೂಟಕ್ಕೆ ತೂಗುಹಾಕಿ, “ಅನ್ನ ಹಾಕೋರ ಜೋಡಿ ಜಗಳ ಮಾಡಬ್ಯಾಡ್ರಿ. ನೀವು ಹೋಗಿ ಉಂಡು ಬರ್ರಿ” ಎಂದಳು. ನಾನು ಹೋಗಲಿಲ್ಲ. ಮನೆಯಲ್ಲಿಯೇ ಅನ್ನ ಬೇಯಿಸಿದೆ. ನನ್ನ ಅನ್ನ ಒಂದು ದಿನ ಗಂಜಿ, ಒಂದು ದಿನ ಅಕ್ಕಿ. ಅವಳು ನಗುತ್ತಲೇ ಉಂಡಳು. ಶ್ರಾವಣದಲ್ಲಿ ಹೋದಳು.

ಅವಳು ಹೋದ ಮೇಲೆ ಓಣಿಯ ಹಿರಿಯರು ಬಂದು, ಪಂಕ್ತಿಯಲ್ಲಿ ಮಹಾದೇವನ ಹೆಸರು ಹೇಳುವವರಿಲ್ಲ, ಬನ್ನಿ ಎಂದು ನನ್ನನ್ನು ಕೈ ಹಿಡಿದು ಕರೆದೊಯ್ದರು. ಹೋದೆ. ಡಬ್ಬಿ ಗೂಟದಲ್ಲಿಯೇ ಉಳಿಯಿತು.

ಒಂದು ಮಧ್ಯಾಹ್ನ ಹುಸೇನಮ್ಮನ ಟೊಂಕದಲ್ಲಿ ಚಪಾತಿ ಸಿಕ್ಕಿತು. ಹುಸೇನಮ್ಮ ನನ್ನಷ್ಟೇ ವಯಸ್ಸಿನವಳು. ಸಕ್ಕರೆ ಕಾಯಿಲೆಯವಳು, ಬಾಯಿ ಜೋರು. ತಾಯಪ್ಪ ಹೊರಗೆ ಹೋಗುವವರ ಮುಂದೆಯೇ ಅವಳಿಂದ ಸೀರೆಯ ಗಂಟು ಬಿಚ್ಚಿಸಿದ. ಮಡಿಸಿದ ಒಂದು ಚಪಾತಿ, ಅದರೊಳಗೆ ಒಂದಿಷ್ಟು ಪಲ್ಯ.

“ಯಾರಿಗಿ ಒಯ್ಯಾಕತ್ತಿದ್ದೆವ್ವಾ?” ಎಂದ ಅವನು, ತಲೆ ತಗ್ಗಿಸಿ.

“ನಿನ್ನ ಅವ್ವಗ” ಎಂದಳು ಹುಸೇನಮ್ಮ.

ಕೆಲವರು ನಕ್ಕರು. ಅವಳು ನಗಲಿಲ್ಲ. ಚಪಾತಿಯನ್ನು ಬಾಗಿಲ ಬಳಿಯ ಬಕೆಟ್ಟಿಗೆ ಹಾಕಬೇಕಾಯಿತು. ಆ ಬಕೆಟ್ಟಿನಲ್ಲಿ ಎಂಜಲಿತ್ತು. ನಾನು ಹಿಂದೆಯೇ ನಿಂತಿದ್ದೆ. ಸಾಯಂಕಾಲ ಪೂಜೆಗೆ ಕುಳಿತಾಗ ಲಿಂಗ ಅಂಗೈಯಲ್ಲಿತ್ತು, ಕಣ್ಣ ಮುಂದೆ ಆ ಬಕೆಟ್ಟಿತ್ತು. ಶಿವನಲ್ಲಿ ಏನೂ ಬೇಡಿಕೊಳ್ಳಲಿಲ್ಲ. ನಿನ್ನ ಪ್ರಸಾದವನ್ನು ಎಂಜಲಿಗೆ ಹಾಕಿಸಿದರಲ್ಲ, ನೀನು ನೋಡುತ್ತ ಕುಳಿತೆಯಾ ಎಂದು ಕೇಳಿದೆ. ದೇವರನ್ನು ಹಾಗೆ ಕೇಳಬಾರದು. ಕೇಳಿದೆ.

ಆ ಚಪಾತಿ ಗದಿಗೆಮ್ಮನಿಗೆ ಎಂದು ಆಮೇಲೆ ತಿಳಿಯಿತು. ಗದಿಗೆಮ್ಮ ಛತ್ರದ ಎದುರಿನ ಮನೆಯೊಂದರ ಹಿತ್ತಲ ಕೋಣೆಯಲ್ಲಿ ಒಬ್ಬಳೇ ಇರುವವಳು. ದೇವದುರ್ಗದ ಕಡೆಯವಳು. ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದು, ಗಂಡ ಹೋದ ಮೇಲೂ ಬುಟ್ಟಿ ಹೊತ್ತವಳು. ಮಾಧಾಪುರದ ಗಾಜಿನ ಕಟ್ಟಡಗಳಿಗೆ ಸಿಮೆಂಟು ಹೊತ್ತವರಲ್ಲಿ ಅವಳೂ ಒಬ್ಬಳು. ಈಗ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದು ಮಲಗಿದ್ದಳು. ಹೆಸರು ಪಟ್ಟಿಯಲ್ಲಿದ್ದುದರಿಂದ ಅವಳ ಊಟ ಮಾತ್ರ ದಿನಾ ಛತ್ರದಲ್ಲಿ ಬೇಯುತ್ತಿತ್ತು. ಅವಳು ಬಾರದೆ ಉಳಿದದ್ದು ಸಂಜೆ ಹಂದಿಗಳಿಗೆ ಹೋಗುತ್ತಿತ್ತು.

ನಾನು ಅಹಲ್ಯಾಳ ಮುಂದೆ ಹೋಗಿ ನಿಂತೆ.

“ತಂಗೀ, ಒಂದು ತಾಟು ಎದುರಿನ ಮನಿಗೆ ಕಳಸು. ರಸ್ತಾ ದಾಟಿದ್ರ ಆಕಿ ಮನಿ.”

“ನಿಮ್ಮ ತ್ರಾಸು ನನಗ ತಿಳಿತೈತ್ರಿ, ಅಯ್ಯನವರ. ಒಬ್ಬರಿಗಿ ಬಿಟ್ರ ನಾಳೆ ಎಲ್ಲಾರೂ ಕೇಳ್ತಾರ. ಮ್ಯಾಲಿನವರ ಹುಕುಂ ಐತಿ.”

“ಮ್ಯಾಲಿನವರು ಯಾರು?”

“ಕಂಪನಿಯ ಶಾಂತಕುಮಾರ ಸರ್. ಸೋಮವಾರ ಬರ್ತಾರ, ಫೋಟೋ ತಗೊಳ್ಳಾಕ. ಅವರನ್ನೇ ಕೇಳ್ರಿ.”

ನಾನು ಸೋಮವಾರದ ತನಕ ಕಾದೆ. ಆ ದಿನಗಳಲ್ಲಿ ಗದಿಗೆಮ್ಮನಿಗೆ ನನ್ನ ಮನೆಯ ಗಂಜಿ ಒಯ್ದೆ. ಅವಳು ಒಂದು ಗುಟುಕು ಕುಡಿದು, “ಅಯ್ಯನವರ, ಬಸಲಿಂಗಮ್ಮಕ್ಕ ಭಾಳ ಪುಣ್ಯವಂತಿ. ಇದನ್ನ ಉಂಡು ಅಷ್ಟು ದಿನ ಬದುಕಿದ್ಲು” ಎಂದಳು. ನಗು ಬಂತು. ಮನೆಗೆ ಬಂದು ಬಾಗಿಲು ಹಾಕಿ ಅತ್ತೆ.

ಸೋಮವಾರ ಛತ್ರಕ್ಕೆ ಬಾಳೆಕಂಬ ಕಟ್ಟಿದ್ದರು. ಹಳದಿ ಬನಿಯನ್ನಿನ ಮೇಲೆ ಕಂಪನಿಯ ಹೆಸರಿದ್ದ ಹುಡುಗ ಹುಡುಗಿಯರು ಬಡಿಸಲು ನಿಂತಿದ್ದರು. ಆ ದಿನ ಬ್ರೆಡ್ಡಿನ ಸಿಹಿ, ಡಬಲ್ ಕಾ ಮೀಠಾ, ಮಾಡಿಸಿದ್ದರು. ಶಾಂತಕುಮಾರ ಬಂದ. ನಲವತ್ತರ ಒಳಗಿನವನು, ಬೀದರಿನ ಕಡೆಯ ಮಾತು, ಕೈ ಮುಗಿಯುವ ರೀತಿಯೂ ಚೆನ್ನಾಗಿತ್ತು. ಜೊತೆಗೆ ಒಬ್ಬ ಕ್ಯಾಮೆರಾದವನು.

ನಾವು ಸಾಲಾಗಿ ಕುಳಿತೆವು. ನಾನು ಮೂಲೆಯಲ್ಲಿ ಪೇರಿಸಿಟ್ಟ ತಾಟುಗಳಲ್ಲಿ ಒಂದನ್ನು ಹೆಚ್ಚಿಗೆ ತಂದು ನನ್ನ ಬಲಗಡೆ ಇಟ್ಟೆ. ಪಕ್ಕಕ್ಕೆ ಒಂದು ಲೋಟ ನೀರಿಟ್ಟೆ. ಬಡಿಸುವ ಹುಡುಗಿ ಅಲ್ಲಿಗೆ ಬಂದು ಸೌಟು ತಡೆದಳು.

“ಇಕ್ಕಡ ಎವರು ತಾತಾ?” ಎಂದಳು ತೆಲುಗಿನಲ್ಲಿ. ಇಲ್ಲಿ ಯಾರಿದ್ದಾರೆ ಎಂದು.

“ಅದು ಗದಿಗೆಮ್ಮನ ತಾಟು. ಬಡಸು” ಎಂದೆ.

ಅವಳು ಅಹಲ್ಯಾಳ ಕಡೆ ನೋಡಿದಳು. ಅಹಲ್ಯಾ ಬೇಡವೆಂದು ತಲೆಯಾಡಿಸಿದಳು. ಹುಡುಗಿ ಮುಂದೆ ಹೋದಳು. ಎಲ್ಲರ ತಾಟೂ ತುಂಬಿತು, ನನ್ನ ಬಲಗಡೆಯದು ಮಾತ್ರ ಹಾಗೆಯೇ ಉಳಿಯಿತು. ಎಲ್ಲರೂ ನನ್ನ ಬಾಯಿ ನೋಡತೊಡಗಿದರು. ನಾನು ಬಾಯಿ ಬಿಡಲಿಲ್ಲ.

ಎಡಗಡೆ ಬಂಡೆಪ್ಪ ಕುಳಿತಿದ್ದ. ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯಲ್ಲಿ ದುಡಿದು ಕೆಮ್ಮು ಹಚ್ಚಿಕೊಂಡವನು. “ಅಯ್ಯನವರ, ಯಾರಿಗಿ ಕಾಯಾಕತ್ತೀವಿ? ಸಾಹೇಬರ ಭಾಷಣ ಐತೇನು? ಇದ್ರ ಮೊದಲು ಉಂಡು ಬಿಡೋಣು, ನಿದ್ದಿ ಚಲೋ ಬರ್ತೈತಿ.”

“ಗದಿಗೆಮ್ಮಗ ಬಡಿಸಿಲ್ಲ ಬಂಡೆಪ್ಪ.”

ಅವನು ಬಲಗಡೆಯ ಖಾಲಿ ತಾಟು ನೋಡಿದ. ನಗು ಹೋಯಿತು. ಪಕ್ಕದವನಿಗೆ ತಿರುಗಿ ಹೇಳಿದ. ಆ ಮಾತು ಸಾಲಿನಲ್ಲಿ ಬಾಯಿಂದ ಬಾಯಿಗೆ ಹೋಗಿ ಬಾಗಿಲ ತನಕ ಮುಟ್ಟಿತು. ಅನ್ನದ ಮೇಲೆ ಇಟ್ಟಿದ್ದ ಕೈಗಳು ಒಂದೊಂದಾಗಿ ತೊಡೆಯ ಮೇಲೆ ಬಂದವು. ನಾನು ಯಾರಿಗೂ ಹೀಗೆ ಮಾಡಿ ಎಂದು ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಶಾಂತಕುಮಾರನಿಗೆ ಮೊದಲು ಅರ್ಥವಾಗಲಿಲ್ಲ. “ಪ್ರೇಯರ್ ಐತೇನ್ರಿ? ಮಾಡ್ರಿ, ಮಾಡ್ರಿ, ಅದನ್ನೂ ತಗೋತೀವಿ” ಎಂದು ಕ್ಯಾಮೆರಾದವನನ್ನು ಮುಂದೆ ಕರೆದ. ಅಹಲ್ಯಾ ಅವನ ಕಿವಿಯಲ್ಲಿ ಏನೋ ಹೇಳಿದಳು. ಅವನು ಬಂದು ನನ್ನ ಮುಂದೆ ಕುಕ್ಕರಗಾಲಲ್ಲಿ ಕುಳಿತ.

“ಅಯ್ಯನವರ, ಸಿಟ್ಟಾಗಬ್ಯಾಡ್ರಿ. ರೂಲ್ ಯಾಕ ಐತಿ, ಕೇಳ್ರಿ. ಇನ್ನೊಂದು ಕಡೆ ಪಾರ್ಸಲ್ ಕೊಟ್ಟಿದ್ವಿ. ಮುದುಕರ ಊಟ ಮನ್ಯಾಗಿನ ಗಂಡಸರು ಕಸ್ಕೊಂಡು ತಿಂದ್ರು. ಒಬ್ಬರು ರಾತ್ರಿ ತನಕ ಇಟ್ಟು ಉಂಡು ಆಸ್ಪತ್ರಿ ಸೇರಿದ್ರು. ಹೆಸರು ಯಾರ್ದು ಕೆಡ್ತು? ನಮ್ದು. ನೀವು ಕಣ್ಣ ಮುಂದ ಉಂಡ್ರ ನಮಗ ಭರವಸೆ.”

“ಗದಿಗೆಮ್ಮನ ಮನ್ಯಾಗ ಕಸ್ಕೊಳ್ಳಾಕ ಯಾವ ಗಂಡಸೂ ಇಲ್ಲಪ್ಪಾ. ಇಲಿ ಅದಾವ.”

“ಅದು ಇಂಡಿವಿಜುಯಲ್ ಕೇಸ್ರಿ. ನಾವು ಸಿಸ್ಟಮ್ ನೋಡಬೇಕು.”

“ನಡದು ಬರಾಕ ಆಗೋರಿಗಿ ಊಟ, ಬಿದ್ದೋರಿಗಿ ಇಲ್ಲ. ಇದಾ ಏನು ಸಿಸ್ಟಮ್? ನಡಿಯೋನು ಎಲ್ಲ್ಯಾರ ಹೋಗಿ ಬೇಡಿಕೊಂಡು ಉಣ್ತಾನ. ಬಿದ್ದಾಕಿ ಯಾರ ಬಾಗಲಕ ಹೋಗಬೇಕು?”

“ದನಿ ಯಾಕ ಏರಿಸ್ತೀರಿ? ನಿಮ್ಮ ಒಳ್ಳೇದಕ್ಕ…”

“ನನ್ನ ಹೆಂಡತಿ ಬಿದ್ದಿದ್ಲು. ಆಗ ನಾ ದನಿ ಏರಿಸಲಿಲ್ಲ. ಅದಕ ಈಗ ಏರಿಸಾಕತ್ತೀನಿ.”

ಅಹಲ್ಯಾ ಮುಖ ಆ ಕಡೆ ತಿರುಗಿಸಿದಳು. ಅವಳಿಗೆ ಆ ಡಬ್ಬಿ ನೆನಪಾಗಿರಬೇಕು. ಅವಳ ಮೇಲೆ ನನಗೆ ಕರುಣೆ ಬರಲಿಲ್ಲ. ಇಂದು ಬರೆಯುವಾಗಲೂ ಅಷ್ಟಾಗಿ ಬರುತ್ತಿಲ್ಲ.

ಶಾಂತಕುಮಾರ ಗಡಿಯಾರ ನೋಡಿದ. “ಆಯ್ತು. ಇವತ್ತೊಂದು ದಿನ ಒಯ್ರಿ. ಸ್ಪೆಷಲ್ ಕೇಸ್. ಈಗ ಎಲ್ಲಾರಿಗೂ ಉಣ್ಣಾಕ ಹೇಳ್ರಿ.”

“ನಾಳೆ?”

“ನಾಳೆದ್ದು ಮೀಟಿಂಗಿನ್ಯಾಗ ಇಡ್ತೀನಿ.”

“ಹಂಗಾದ್ರ ಆಕಿ ಹಸಿವೀನೂ ಮೀಟಿಂಗ್ ತನಕ ತಡೀಬೇಕೇನು?”

ಬಂಡೆಪ್ಪ ಕೆಮ್ಮಿದ, ಅಥವಾ ನಕ್ಕ. ಶಾಂತಕುಮಾರನ ಮುಖ ಕೆಂಪಾಯಿತು. ಅನ್ನದ ಮೇಲೆ ನೊಣ ಕುಳಿತವು. ಯಾರೂ ಅಲುಗಲಿಲ್ಲ. ಆಗ ಸಾಲಿನ ನಡುವೆ ಹುಸೇನಮ್ಮನ ಕೈ ನೋಡಿದೆ. ನಡುಗುತ್ತಿತ್ತು. ಹಣೆಯ ಮೇಲೆ ಬೆವರು. ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿ ಬಂದಿದ್ದಳು. ಮಾತ್ರೆ ನುಂಗಿದ ಮೇಲೆ ಅವಳು ಉಣ್ಣಲೇಬೇಕು.

“ಹುಸೇನಮ್ಮಾ, ನೀ ಉಣ್ಣು. ನಿನಗ ದೋಷ ಇಲ್ಲ. ನಾ ಹೇಳಾಕತ್ತೀನಿ.”

“ಮಹಾದೇವ ಅಂದ್ರೇನು ನೀವು?”

“ಇನ್ನೂ ಅಂದಿಲ್ಲ.”

“ಹಂಗಾದ್ರ ಸುಮ್ಮನ ಕುಂದರ್ರಿ. ಈ ಮೀಠಾ ತಿಂದ್ರ ಸಕ್ಕರಿಗಿ ಸಾಯ್ತೀನಿ, ತಿನ್ನದಿದ್ರ ನಿಮ್ಮ ಸಿಟ್ಟಿಗಿ ಸಾಯ್ತೀನಿ. ಹೆಂಗೂ ಹೋಗಾಕಿ, ಸಾಲಿನ್ಯಾಗ ಕುಂತು ಹೋಗ್ತೀನಿ.”

ಒಂದು ಮಾತು ಅಂದುಬಿಟ್ಟರೆ ಅವಳು ಉಣ್ಣುತ್ತಾಳೆ, ಎಲ್ಲರೂ ಉಣ್ಣುತ್ತಾರೆ, ಗದಿಗೆಮ್ಮ ಹಾಗೆಯೇ ಇರುತ್ತಾಳೆ. ಹುಸೇನಮ್ಮನ ನಡುಗುವ ಕೈಯನ್ನು ಶಾಂತಕುಮಾರನೂ ನೋಡಿದ. ಅವನೇನು ಕಟುಕನಲ್ಲ, ಹೆದರಿದ. ಎದ್ದು ನಿಂತು, “ಬಡಸ್ರಿ, ಆ ತಾಟಿಗೂ ಬಡಸ್ರಿ” ಎಂದ. ಹುಡುಗಿ ಓಡಿ ಬಂದು ಅನ್ನ, ಪಪ್ಪು, ಪಲ್ಯ, ಚಪಾತಿ ಎಲ್ಲ ಹಾಕಿದಳು.

“ಆತಲ್ರಿ? ಈಗ ಅನ್ರಿ” ಎಂದ.

ಖಾಲಿ ಜಾಗದ ಮುಂದೆ ಅನ್ನ ಹಾಕುವುದು ಸತ್ತವರಿಗೆ. ಗದಿಗೆಮ್ಮ ಇನ್ನೂ ಬದುಕಿದ್ದಳು. ನಾನು ತಾಟನ್ನು ಎರಡೂ ಕೈಯಲ್ಲಿ ಹಿಡಿದು ಎದ್ದೆ. ಎದ್ದಾಗ ಮೊಣಕಾಲು ಕಟಕಟ ಅಂದವು.

“ಉಣ್ಣಾಕಿ ಮುಂದ ಇಟ್ಟು ಬರ್ತೀನಿ. ಆಮ್ಯಾಲ ಅಂತೀನಿ.”

ಬಾಗಿಲಲ್ಲಿ ತಾಯಪ್ಪ ಸ್ಟೂಲಿನಿಂದ ಎದ್ದು ಅಡ್ಡ ನಿಂತ. “ಅಯ್ಯನವರ, ಹೊರಗ ಹೋಗಂಗಿಲ್ರಿ. ನನ್ನ ನೌಕರಿ ಹೋಗ್ತೈತ್ರಿ.”

“ನೋಡು ತಾಯಪ್ಪಾ. ಟೊಂಕದಾಗ ಮುಚ್ಚಿಟ್ಟಿಲ್ಲ, ಸೆರಗಿನ್ಯಾಗ ಕಟ್ಟಿಲ್ಲ. ಎರಡೂ ಕೈಯಾಗ ಹಿಡದೀನಿ. ಚೆಕ್ ಮಾಡೋದಿದ್ರ ಮಾಡು. ಈ ಅನ್ನನೂ ಬಕೆಟ್ಟಿಗಿ ಹಾಕಂತಿದ್ರ ಬಾಯಿ ಬಿಟ್ಟು ಹೇಳು. ಎಲ್ಲಾರೂ ಕೇಳಲಿ.”

ಅವನು ನನ್ನ ಭುಜದ ಮೇಲಿಂದ ಒಳಗೆ ನೋಡಿದ. ಯಾರ ಮುಖ ನೋಡಿದನೋ, ಅದರಲ್ಲಿ ಏನು ಕಂಡನೋ ನನಗೆ ಗೊತ್ತಿಲ್ಲ. ನಾನು ತಿರುಗಿ ನೋಡಲಿಲ್ಲ. ಅವನು ಸ್ಟೂಲು ಎತ್ತಿ ಪಕ್ಕಕ್ಕೆ ಇಟ್ಟ.

ರಸ್ತೆ ದಾಟುವಾಗ ಒಂದು ಆಟೋದವನು ಉರ್ದುವಿನಲ್ಲಿ ಬೈದ. ಹಿಂದಿನಿಂದ ಚಪ್ಪಲಿಯ ಸದ್ದು. ಅಹಲ್ಯಾ. “ಅಯ್ಯನವರ, ಮೆಲ್ಲಕ ಹೋಗ್ರಿ, ಬೀಳ್ತೀರಿ.” ತಾಟಿನ ಲೆಕ್ಕ ಕೇಳಲು ಬಂದಳೆಂದು ನಾನು ಹೆಜ್ಜೆ ಬಿರುಸು ಮಾಡಿದೆ.

ಗದಿಗೆಮ್ಮ ಚಾಪೆಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನಾನು ತಾಟನ್ನು ಮುಂದಿಟ್ಟೆ. ಅಹಲ್ಯಾ ಅವಳ ಬೆನ್ನಿಗೆ ದಿಂಬು ಕೊಟ್ಟು ಒರಗಿಸಿದಳು. ಗದಿಗೆಮ್ಮ ತಾಟನ್ನು ನೋಡಿದಳು, ನನ್ನನ್ನು ನೋಡಿದಳು.

“ಛತ್ರದ ತಾಟು ಇದು. ಹೊರಗ ಹೆಂಗ ಬಂತ್ರಿ?”

“ನಡಕೋತ ಬಂತು. ಲಗೂ ಒಂದು ತುತ್ತು ಉಣ್ಣು.”

“ಸಾಲು ಎದ್ದೈತೇನು?”

“ಇಲ್ಲ. ಇನ್ನೂ ಕುಂತೈತಿ. ನಿನಗಾಗಿ ಯಾರೂ ಮುಟ್ಟಿಲ್ಲ.”

ಹರ್ಷಪಟ್ಟಾಳೆಂದು ತಿಳಿದಿದ್ದೆ. ಅವಳಿಗೆ ಸಿಟ್ಟು ಬಂತು. “ಹಸದ ಮುದುಕರನ್ನ ಅನ್ನದ ಮುಂದ ಕುಂದರಿಸಿ ಬಂದೀರೇನು? ಹುಸೇನಕ್ಕ ಮಾತ್ರಿ ನುಂಗಿರ್ತಾಳ. ಬುದ್ಧಿ ಐತೇನ್ರಿ ನಿಮಗ? ಜಂಗಮರಂತ ಸುಮ್ಮನಿದ್ದೀನಿ.” ಬೈಯುತ್ತಲೇ ಅನ್ನಕ್ಕೆ ಕೈ ಹಾಕಿ ಕಲಸಿ ಬಾಯಿಗೆ ಇಟ್ಟಳು. ಅಗಿಯುತ್ತಾ ಬಾಗಿಲ ಕಡೆ ಕೈ ತೋರಿಸಿದಳು. ಹೋಗಿ ಹೇಳು ಎಂದು.

ನಾನು ತಿರುಗಿದೆ. ಬಾಗಿಲ ಚೌಕಟ್ಟು ಹಿಡಿದು ನಿಂತೆ, ಕಾಲು ಒಂದು ಹೆಜ್ಜೆಯೂ ಮುಂದೆ ಬರಲಿಲ್ಲ. ಅಹಲ್ಯಾ ಅದನ್ನು ನೋಡಿ ತನ್ನ ಮೊಬೈಲ್ ತೆಗೆದು ಗುಂಡಿ ಒತ್ತಿದಳು.

“ಸರ್, ಅಹಲ್ಯಾ ಮಾತಾಡ್ತೀನಿ. ಫೋನ್ ಸ್ಪೀಕರಿಗಿ ಹಾಕ್ರಿ. ಸಾಲಿನ ನಡುವ ಹೋಗಿ ಮ್ಯಾಲ ಎತ್ತಿ ಹಿಡೀರಿ. ಯಾಕಂತ ಆಮ್ಯಾಲ ಕೇಳ್ರಿ ಸರ್. ಮೊದಲು ಎತ್ತಿ ಹಿಡೀರಿ.”

ಫೋನನ್ನು ನನ್ನ ಬಾಯಿಯ ಮುಂದೆ ಹಿಡಿದಳು. ಗದಿಗೆಮ್ಮ ಇನ್ನೊಂದು ತುತ್ತು ಎತ್ತಿದ್ದಳು. ನಾನು ಎದೆಯಲ್ಲಿದ್ದ ಉಸಿರನ್ನೆಲ್ಲ ಕೂಡಿಸಿ, “ಹರಹರ ಮಹಾದೇವ” ಎಂದೆ.

ಆ ಸಣ್ಣ ಯಂತ್ರದೊಳಗಿಂದ ಇಡೀ ಸಾಲು “ಮಹಾದೇವ” ಎಂದಿತು. ಅದಕ್ಕಿಂತ ಮೊದಲೇ, ರಸ್ತೆಯ ಆಚೆಯಿಂದ ಕಿಟಕಿಯಲ್ಲಿಯೂ ಕೇಳಿಸಿತು. ಆಮೇಲೆ ತಾಟಿಗೆ ಕೈ ತಾಗುವ ಸದ್ದು. ಹುಸೇನಮ್ಮ ಏನೋ ಬೈದದ್ದೂ ಕೇಳಿಸಿತು. ಉಂಡಳು ಎಂದು ತಿಳಿಯಿತು.

ಅಹಲ್ಯಾ ಫೋನು ಮುಚ್ಚಿ ಹೊಸ್ತಿಲ ಮೇಲೆ ಕುಳಿತಳು. ಗದಿಗೆಮ್ಮ ಉಂಡು ಮುಗಿಸುವ ತನಕ ಎದ್ದುಹೋಗಲಿಲ್ಲ. ತಾಟನ್ನು ತಾನೇ ತೊಳೆದಳು. ಹೊರಡುವಾಗ ನನ್ನ ಮುಖ ನೋಡದೆ, “ನಾಳೆ ಡಬ್ಬಿ ತರ್ರಿ ಅಯ್ಯನವರ. ಸರ್ ಏನಂದ್ರೂ ನಾ ತುಂಬಿ ಕೊಡ್ತೀನಿ” ಎಂದಳು. ಹೊಸ್ತಿಲು ದಾಟುತ್ತ, “ಅಮ್ಮಾರಿಗಿ ಕೊಡಾಕ ಆಗಲಿಲ್ಲ” ಎಂದಳು.

ಇರಲಿ ಬಿಡವ್ವಾ ಎಂದು ನಾನು ಅನ್ನಬೇಕಿತ್ತು. ಬಸಲಿಂಗಮ್ಮ ಇದ್ದಿದ್ದರೆ ಅನ್ನುತ್ತಿದ್ದಳು.

ಮರುದಿನ ಗೂಟದಿಂದ ಡಬ್ಬಿ ಇಳಿಸಿದೆ. ಅವಳು ಕಟ್ಟಿದ ಬಿಳಿ ಅರಿವೆಯ ಗಂಟು ಹಾಗೆಯೇ ಇತ್ತು, ಮೇಲೆ ಧೂಳು. ಗಂಟು ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಅವಳು ಗಟ್ಟಿ ಗಂಟು ಹಾಕುತ್ತಿದ್ದಳು. ಡಬ್ಬಿ ತೊಳೆದು, ಅರಿವೆಯನ್ನು ಹೆಗಲಿಗೆ ಹಾಕಿ, ಡಬ್ಬಿಯನ್ನು ಎಲ್ಲರಿಗೂ ಕಾಣುವಂತೆ ಹಿಡಿದು ಛತ್ರಕ್ಕೆ ನಡೆದೆ. ಗೋಡೆಯ ಹಲಗೆ ಇನ್ನೂ ಅಲ್ಲಿಯೇ ಇತ್ತು. ತಾಯಪ್ಪ ಡಬ್ಬಿ ನೋಡಿ ದಾರಿ ಬಿಟ್ಟ. ಬಕೆಟ್ಟನ್ನು ಬಾಗಿಲ ಹಿಂದಕ್ಕೆ ಸರಿಸಿದ್ದ.

ಪಂಕ್ತಿಯಲ್ಲಿ ಗದಿಗೆಮ್ಮನ ಊಟಕ್ಕೆ ಡಬ್ಬಿಯನ್ನು ನನ್ನ ಬಲಗಡೆ ತೆರೆದಿಟ್ಟೆ. ಅಹಲ್ಯಾ ಕೈಯಾರೆ ತುಂಬಿದಳು. ಕೆಳಗಿನ ಖಾನೆಗೆ ಅನ್ನ, ಅದರ ಮೇಲೆ ಪಪ್ಪು, ಪಲ್ಯ, ಚಪಾತಿ. ಬಸಲಿಂಗಮ್ಮ ತಿಕ್ಕಿ ತಿಕ್ಕಿ ಬೆಳಗಿಸಿದ್ದ ಡಬ್ಬಿ, ಅವಳಿಗಾಗಿ ಒಂದು ದಿನವೂ ಹೀಗೆ ತುಂಬಿರಲಿಲ್ಲ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ನಾನು ಡಬ್ಬಿಯನ್ನೇ ನೋಡುತ್ತಿದ್ದೆ. ಹುಸೇನಮ್ಮ ಸಾಲಿನ ನಡುವಿನಿಂದ, “ಇವತ್ತೇನ್ರಿ ಮತ್ತ? ಎಲ್ಲಾರಿಗೂ ಬಡಿಸ್ಯಾರ” ಎಂದಳು.

ಡಬ್ಬಿಯ ಮುಚ್ಚಳ ಹಾಕಿ, ಮಹಾದೇವನ ಹೆಸರು ಹೇಳಿದೆ.